ಮನೆಕೂಟದಲ್ಲಿ ಮಾರ್ಕನ ಸುವಾರ್ತೆ ಓದುವುದು ಹೇಗೆ? ಯೇಸು ಹೇಳಿದ ರಾಜ್ಯ ನಮ್ಮೂರಿನವರಿಗೆ ಅರ್ಥವಾಗುವ ಹಾಗೆ

ಕೋಲಾರ, ಚಿಕ್ಕಬಳ್ಳಾಪುರದ ಕಡೆ ಸಭೆಗಳಿಗೆ ಮನೆಕೂಟ ಹೊಸದೇನಲ್ಲ. ವಾರಕ್ಕೊಂದು ಸಂಜೆ ಯಾರದೋ ಮನೆಯಲ್ಲಿ ಸೇರುತ್ತೇವೆ. ಎರಡು ಹಾಡು, ಬೈಬಲ್ಲಿನ ಒಂದು ವಾಕ್ಯ, ಉದ್ದದ ಪ್ರಾರ್ಥನೆ, ಆಮೇಲೆ ಟೀ ಬಿಸ್ಕತ್ತು. ವಾಕ್ಯ ಮಾತ್ರ ಒಂದು ವಾರ ಕೀರ್ತನೆಯಿಂದ, ಇನ್ನೊಂದು ವಾರ ಪ್ರಕಟನೆಯಿಂದ, ಮತ್ತೊಂದು ವಾರ ಪುಸ್ತಕ ಎಲ್ಲಿ ತೆರೆಯಿತೋ ಅಲ್ಲಿಂದ. ಹೀಗೆ ವರ್ಷಗಟ್ಟಲೆ ಕೂಟಕ್ಕೆ ಬಂದವರನ್ನು ಕರೆದು, ಯೇಸು ಸ್ವಾಮಿ ಗಲಿಲಾಯದಲ್ಲಿ ಏನೇನು ಮಾಡಿದರು, ಯಾವುದಾದ ಮೇಲೆ ಯಾವುದು ಅಂತ ಕೇಳಿ ನೋಡಿ. ಹುಟ್ಟಿದ್ದು ಹೇಳುತ್ತಾರೆ, ಶಿಲುಬೆ ಹೇಳುತ್ತಾರೆ, ಮೂರನೇ ದಿನ ಎದ್ದಿದ್ದು ಹೇಳುತ್ತಾರೆ. ನಡುವಿನದು ಖಾಲಿ. ಯೇಸು ದೇವರ ರಾಜ್ಯದ ಬಗ್ಗೆ ಮಾತಾಡಿದ್ದೆಲ್ಲ ಆ ನಡುವೆಯೇ ಇದೆ ಅಲ್ವಾ?

ಅದಕ್ಕೆ ನನ್ನ ಸಲಹೆ ಇಷ್ಟೇ. ಆರು ತಿಂಗಳು ಬೇರೆ ಎಲ್ಲ ಬಿಟ್ಟು ಮಾರ್ಕನ ಸುವಾರ್ತೆ ಒಂದನ್ನೇ ಓದಿ, ಮೊದಲಿನಿಂದ ಕೊನೆಯವರೆಗೆ, ಇರುವ ಸಾಲಿನಲ್ಲೇ. ಯೇಸುವಿನ ಕಥೆ ಹೇಳುವ ನಾಲ್ಕು ಸುವಾರ್ತೆಗಳಲ್ಲಿ ಅದೇ ಚಿಕ್ಕದು, 16 ಅಧ್ಯಾಯ. ಜೋರಾಗಿ ಓದಿದರೂ ಎರಡು ಗಂಟೆ ಆಸುಪಾಸಿನಲ್ಲಿ ಮುಗಿಯುತ್ತೆ. ಉದ್ದ ಉದ್ದ ಬೋಧನೆ ಕಡಿಮೆ, ಓಡಾಟ ಜಾಸ್ತಿ. ಇನ್ನೊಂದು ಮುಖ್ಯ ಕಾರಣ ಇದೆ. ಮೊದಲ ಅಧ್ಯಾಯದಲ್ಲೇ ಯೇಸು ದೇವರ ರಾಜ್ಯ ಹತ್ತಿರ ಬಂತು ಅಂತ ಸಾರುತ್ತಾರೆ, ಆದರೆ ರಾಜ್ಯ ಅಂದರೆ ಇಂಥದ್ದು ಅಂತ ಕೂತು ವಿವರಿಸುವುದಿಲ್ಲ. ನೇರ ಕೆರೆ ದಂಡೆಗೆ ಹೋಗಿ ಬಲೆ ಬೀಸುತ್ತಿದ್ದವರನ್ನು ಕರೆಯುತ್ತಾರೆ, ದೆವ್ವ ಹಿಡಿದವನನ್ನು ಬಿಡಿಸುತ್ತಾರೆ, ಜ್ವರದಲ್ಲಿ ಮಲಗಿದ್ದ ಪೇತ್ರನ ಅತ್ತೆಯ ಕೈ ಹಿಡಿದು ಎಬ್ಬಿಸುತ್ತಾರೆ. ಅಂದರೆ ರಾಜ್ಯ ಎಂಥದ್ದು ಅಂತ ತಿಳಿಯಬೇಕಾದರೆ ಆ ಮನುಷ್ಯ ಏನು ಮಾಡಿದರು ಅಂತ ನೋಡಬೇಕು. ಇಡೀ ಆರು ತಿಂಗಳ ಕೆಲಸ ಇದೇ.

ಶುರು ಮಾಡುವ ಮುಂಚೆ

ಕೂಟ ನಡೆಸುವವರು ಮೊದಲು ಒಬ್ಬರೇ ಕೂತು ಒಂದೇ ಸಲಕ್ಕೆ ಇಡೀ ಮಾರ್ಕ ಓದಿ. ಕೈಯಲ್ಲಿ ಪೆನ್ಸಿಲ್ ಇರಲಿ. 'ದೇವರ ರಾಜ್ಯ' ಅಂತ ಬಂದಲ್ಲೆಲ್ಲ ಗೆರೆ ಎಳೆಯಿರಿ. 14 ಕಡೆ ಸಿಗುತ್ತೆ. ಒಂದು ಮೊದಲ ಅಧ್ಯಾಯದಲ್ಲಿ, ಮೂರು ನಾಲ್ಕನೆಯದರಲ್ಲಿ, ಎರಡು ಒಂಬತ್ತನೆಯದರಲ್ಲಿ, ಐದು ಹತ್ತನೆಯದರಲ್ಲಿ, ಆಮೇಲೆ 12, 14, 15ರಲ್ಲಿ ಒಂದೊಂದು. ಹತ್ತನೇ ಅಧ್ಯಾಯದಲ್ಲೇ ಐದು ಯಾಕೆ ಅಂತ ನೋಡಿದರೆ ಅಲ್ಲಿರುವುದು ಮಕ್ಕಳು ಮತ್ತು ಒಬ್ಬ ಆಸ್ತಿವಂತ. ಮಕ್ಕಳನ್ನು ಶಿಷ್ಯರು ಗದರಿಸಿ ಓಡಿಸಲು ನೋಡುತ್ತಾರೆ, ಯೇಸು ಸಿಟ್ಟಾಗಿ ಹತ್ತಿರ ಕರೆಯುತ್ತಾರೆ. ಆಸ್ತಿವಂತನನ್ನು ಪ್ರೀತಿಯಿಂದ ನೋಡುತ್ತಾರೆ, ಅವನೋ ಮುಖ ಸಣ್ಣ ಮಾಡಿಕೊಂಡು ಹೊರಟುಹೋಗುತ್ತಾನೆ. ಈ 14 ಗೆರೆ ನಿಮ್ಮ ಪುಸ್ತಕದಲ್ಲಿ ಇದ್ದರೆ ಯಾರಾದರೂ ದಾರಿ ತಪ್ಪಿಸಿದಾಗ ವಾಪಸ್ ಬರುವುದು ಸುಲಭ.

ಪುಸ್ತಕದ ವಿಷಯ. ಸತ್ಯವೇದ ಅನ್ನುವ ಹಳೆಯ ಕನ್ನಡ ಬೈಬಲ್ಲಿನ ಭಾಷೆ ಹಿರಿಯರಿಗೆ ಬಾಯಿಪಾಠ, ಹುಡುಗರಿಗೆ ಕಷ್ಟ. ಕಥೋಲಿಕರ ಮನೆಯಲ್ಲಿ ಬೇರೆ ಅನುವಾದ ಇರುತ್ತೆ, ಯೇಸು ಹೇಳಿದ ಉಪಮೆಯ ಕಥೆಗಳಿಗೆ ನಾವು ಸಾಮ್ಯ ಅಂದರೆ ಅವರು ಸಾಮತಿ ಅನ್ನುತ್ತಾರೆ. ಎರಡೂ ಇರಲಿ. ಒಂದನ್ನು ಓದಿ, ಅರ್ಥವಾಗದ ಕಡೆ ಇನ್ನೊಂದನ್ನು ತೆರೆಯಿರಿ. ಅದರ ಬಗ್ಗೆ ಜಗಳ ಬೇಡ. ನಮ್ಮ ಕಡೆ ಇನ್ನೊಂದು ಸಂಗತಿ: ಅರ್ಧ ಜನರ ಮನೆಮಾತು ತೆಲುಗು, ಕೆಜಿಎಫ್ ಕಡೆಯಾದರೆ ತಮಿಳು. ಓದುವುದು ಕನ್ನಡದಲ್ಲಿ ಇರಲಿ, ಮಾತಾಡುವುದು ಅವರವರ ಬಾಯಿಗೆ ಬಂದ ಹಾಗೆ. ಮಾಲೂರಿನ ಅಜ್ಜಿ ತೆಲುಗಿನಲ್ಲಿ ಕಥೆ ಹೇಳಿದರೆ ಎಲ್ಲರಿಗೂ ಅರ್ಥವಾಗುತ್ತೆ, ಯಾರೂ ಅನುವಾದ ಮಾಡಬೇಕಿಲ್ಲ.

ಸಮಯ ಗೊತ್ತು ಮಾಡುವಾಗ ಊರಿನ ಕೆಲಸ ನೋಡಿ. ಸಂಜೆ ಹಾಲು ಕರೆದು ಡೈರಿಗೆ ಹಾಕಿ ಬಂದ ಮೇಲೆಯೇ ಹೆಂಗಸರಿಗೆ ಪುರುಸೊತ್ತು, ಆದ್ದರಿಂದ ಏಳೂವರೆಗಿಂತ ಮುಂಚೆ ಇಟ್ಟರೆ ಗಂಡಸರು ಮತ್ತು ಟೀಚರುಗಳು ಮಾತ್ರ ಬರುತ್ತಾರೆ. ಶಿಡ್ಲಘಟ್ಟದ ಕಡೆ ರೇಷ್ಮೆ ಸಾಕುವವರಿದ್ದರೆ, ಹುಳ ಹಣ್ಣಾಗಿ ಗೂಡು ಕಟ್ಟಲು ಚಂದ್ರಂಕಿಗೆ ಬಿಡುವ ವಾರ ಅವರನ್ನು ಕರೆಯಲೇಬೇಡಿ, ಆ ವಾರ ಅವರು ನಿದ್ದೆಯನ್ನೇ ಮಾಡಿರುವುದಿಲ್ಲ. ಟೊಮ್ಯಾಟೊ ಸುಗ್ಗಿಯಲ್ಲಿ ಮಂಡಿಗೆ ಹೋಗುವವರಿಗೂ ಹಾಗೇ. ಒಂದೆರಡು ವಾರ ತಪ್ಪಿದವರಿಗೆ ಹಿಂದಿನ ಕಥೆಯನ್ನು ಶುರುವಿನಲ್ಲಿ ಯಾರಾದರೂ ಹೇಳಿಬಿಡಿ, ಸಾಕು.

ಒಂದು ನಕ್ಷೆ ಬೇಕು. ಅಂಗಡಿಯಿಂದ ತರಬೇಡಿ, ಹಳೆ ಕ್ಯಾಲೆಂಡರಿನ ಹಿಂದೆ ಮಕ್ಕಳ ಕೈಲಿ ಬರೆಸಿ. ಮೇಲೆ ಗಲಿಲಾಯ, ಕೆಳಗೆ ಯೂದಾಯ, ನಡುವೆ ಸಮಾರ್ಯ, ಪಕ್ಕದಲ್ಲಿ ಉದ್ದಕ್ಕೆ ಯೊರ್ದನ್ ಹೊಳೆ. ಗಲಿಲಾಯದ ಸಮುದ್ರ ಅಂದರೆ ಸಿಹಿನೀರಿನ ಸರೋವರ, ಸುಮಾರು 21 ಕಿಲೋಮೀಟರ್ ಉದ್ದ, 13 ಕಿಲೋಮೀಟರ್ ಅಗಲ. ಇದನ್ನು ಹೇಳದಿದ್ದರೆ ನಮ್ಮವರು ಕೋಲಾರಮ್ಮ ಕೆರೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಓದುತ್ತಾರೆ, ಅದರಲ್ಲಿ ದೋಣಿ ಮುಳುಗುವಂಥ ಬಿರುಗಾಳಿ ಎಲ್ಲಿಂದ ಬರಬೇಕು? ಆ ಸರೋವರ ಸಮುದ್ರಮಟ್ಟಕ್ಕಿಂತ 200 ಮೀಟರಿಗೂ ಹೆಚ್ಚು ಕೆಳಗಿದೆ, ಸುತ್ತ ಗುಡ್ಡ. ಗಾಳಿ ಗುಡ್ಡದ ಮೇಲಿಂದ ಇದ್ದಕ್ಕಿದ್ದಂತೆ ನುಗ್ಗುತ್ತೆ. ಮೀನು ಹಿಡಿದೇ ಬದುಕುವ ಪೇತ್ರನಂಥವರೇ ಹೆದರಿದರು ಅಂದರೆ ಸುಮ್ನೆ ಅಲ್ಲ.

ನಕ್ಷೆಯ ಮೇಲೆಯೇ ಯಾರ ಆಳ್ವಿಕೆ ಎಲ್ಲಿ ಅಂತಲೂ ಬರೆಸಿ. ಗಲಿಲಾಯದಲ್ಲಿ ಹೆರೋದ ಅಂತಿಪ, ಯೂದಾಯದಲ್ಲಿ ರೋಮಿನವರ ಅಧಿಪತಿ ಪೊಂತ್ಯ ಪಿಲಾತ, ಕ್ರಿ.ಶ. 26ರಿಂದ 36ರವರೆಗೆ. ಇಬ್ಬರ ಮೇಲೂ ರೋಮಿನ ಕೈಸರ. ತೆರಿಗೆ ಅವರದು, ನಾಣ್ಯದ ಮೇಲಿನ ಮುಖ ಅವರದು, ಶಿಲುಬೆಗೆ ಹಾಕುವ ಸಿಪಾಯಿಗಳೂ ಅವರವರೇ. ಅಂಥ ಕಡೆ ಒಬ್ಬ ಬಡಗಿ ನಿಂತುಕೊಂಡು ಇನ್ನೊಂದು ರಾಜ್ಯ ಬಂತು ಅಂದರೆ ಕೇಳಿದವರ ಕಿವಿ ನೆಟ್ಟಗಾಗಿರುತ್ತೆ. ಇದು ತಲೆಯಲ್ಲಿ ಇಲ್ಲದಿದ್ದರೆ ಶಿಲುಬೆ ಯಾಕಾಯಿತು ಅನ್ನುವುದೇ ಗೊತ್ತಾಗಲ್ಲ.

ಒಂದು ಸಂಜೆ ಹೇಗೆ ನಡೆಸಬೇಕು

ಒಂದು ಸಲಕ್ಕೆ ಒಂದು ಘಟನೆ, ಬಹಳ ಆದರೆ ಎರಡು. ಇಡೀ ಅಧ್ಯಾಯ ಮುಗಿಸಬೇಕು ಅಂತ ಹಟ ಬೇಡ. ಒಬ್ಬರು ನಿಧಾನವಾಗಿ ಓದಲಿ. ಎರಡನೇ ಸಲ ಬೇರೆ ದನಿ ಓದಲಿ, ಹೆಣ್ಣುಮಗಳೋ ಹುಡುಗರೋ ಆದರೆ ಒಳ್ಳೆಯದು. ಆಮೇಲೆ ಎಲ್ಲರೂ ಪುಸ್ತಕ ಮುಚ್ಚಿ. ಯಾರಾದರೂ ಒಬ್ಬರು ಅದನ್ನೇ ತಮ್ಮ ಮಾತಿನಲ್ಲಿ ಹೇಳಲಿ, ಬಿಟ್ಟಿದ್ದನ್ನು ಉಳಿದವರು ಸೇರಿಸಲಿ. ಇದರಲ್ಲಿ ಓದು ಬಾರದವರೇ ಮುಂದೆ, ಯಾಕೆಂದರೆ ಅವರಿಗೆ ಕೇಳಿ ನೆನಪಿಡುವ ಅಭ್ಯಾಸ ಇದೆ. ಓದಿದವರು ಮುಚ್ಚಿದ ಪುಸ್ತಕದ ಕಡೆಗೇ ನೋಡುತ್ತಿರುತ್ತಾರೆ.

ಆಮೇಲೆ ಮೂರೇ ಪ್ರಶ್ನೆ. ಇಲ್ಲಿ ಯೇಸು ಏನು ಮಾಡಿದರು? ಅದರಿಂದ ಯಾರಿಗೆ ಖುಷಿಯಾಯಿತು, ಯಾರಿಗೆ ಹೊಟ್ಟೆ ಉರಿಯಿತು? ದೇವರು ಹೀಗೇ ನಮ್ಮ ಬೀದಿಯಲ್ಲಿ ಆಳಿದರೆ ಈ ವಾರ ಏನು ಬದಲಾಗಬೇಕು? ಎರಡನೇ ಪ್ರಶ್ನೆಯನ್ನು ಬಿಡಬೇಡಿ. ಮಾರ್ಕನಲ್ಲಿ ಒಳ್ಳೆಯದು ನಡೆದ ಕಡೆಯಲ್ಲೆಲ್ಲ ಯಾರೋ ಒಬ್ಬರು ಮುಖ ಗಂಟಿಕ್ಕಿಕೊಂಡು ನಿಂತಿರುತ್ತಾರೆ, ಅವರು ಯಾರು ಅಂತ ಗುರುತಿಸುವುದರಲ್ಲೇ ಅರ್ಧ ಪಾಠ ಇದೆ.

ನಡೆಸುವವರಿಗೆ ಒಂದೇ ನಿಯಮ: ಬೇರೆಯವರು ಮಾತಾಡಿ ಮುಗಿಸುವವರೆಗೆ ಬಾಯಿ ಮುಚ್ಚಿಕೊಂಡಿರಿ. ಇದು ಹೇಳಿದಷ್ಟು ಸುಲಭವಲ್ಲ. ಪ್ರಸಂಗ ಮಾಡಿ ಅಭ್ಯಾಸ ಆದವರಿಗೆ ಅರ್ಧ ನಿಮಿಷ ಮೌನ ಇದ್ದರೆ ಕೈಕಾಲು ಆಡುವುದಿಲ್ಲ. ಪೌಲ ಹೀಗೆ ಹೇಳಿದ್ದಾನೆ, ಯೆಶಾಯ ಹಾಗೆ ಹೇಳಿದ್ದಾನೆ ಅಂತ ಹತ್ತು ಕಡೆ ಪುಟ ತಿರುಗಿಸುವುದನ್ನೂ ತಡೆಯಿರಿ. ಇವತ್ತಿನ ಪುಟದಲ್ಲೇ ಇರೋಣ ಅಂತ ನಗುನಗುತ್ತಾ ಹೇಳಿದರೆ ಯಾರೂ ಬೇಜಾರು ಮಾಡಿಕೊಳ್ಳಲ್ಲ. ಕೊನೆಯ ಪ್ರಾರ್ಥನೆ ಓದಿದ್ದರ ಮೇಲೆ ಇರಲಿ, ಐದು ನಿಮಿಷ ಸಾಕು. ಒಟ್ಟು ಒಂದು ಗಂಟೆ ದಾಟಬಾರದು, ಬೆಳಿಗ್ಗೆ ಐದಕ್ಕೆ ಮತ್ತೆ ಹಾಲು ಕರೆಯಬೇಕು.

ಮೊದಲ ಎಂಟು ಅಧ್ಯಾಯ

ಇದು ಗಲಿಲಾಯದ ಭಾಗ, ಕೂಟಕ್ಕೆ ಅತಿ ಹೆಚ್ಚು ಮಾತು ಸಿಗುವುದು ಇಲ್ಲೇ. ಕುಷ್ಠರೋಗಿಯ ಘಟನೆಯಲ್ಲಿ ಅವನು ವಾಸಿಯಾದದ್ದಕ್ಕಿಂತ ಮುಂಚೆ ಯೇಸು ಕೈಚಾಚಿ ಮುಟ್ಟಿದ್ದನ್ನು ತೋರಿಸಿ. ಮುಟ್ಟದೆ ಬರೀ ಮಾತಿನಿಂದಲೂ ವಾಸಿ ಮಾಡಬಹುದಿತ್ತು. ಯಾರ ಮನೆಯ ಲೋಟ ಬೇರೆ, ಯಾರು ಒಳಗೆ ಬರಬಹುದು ಅನ್ನುವ ಲೆಕ್ಕ ನಮ್ಮ ಹಳ್ಳಿಗಳಲ್ಲಿ ಇನ್ನೂ ಸತ್ತಿಲ್ಲ, ಸಭೆಯ ಒಳಗೂ ಸತ್ತಿಲ್ಲ. ಆ ಮಾತು ತಾನಾಗೇ ಬರುತ್ತೆ. ಬಂದಾಗ ಮುಚ್ಚಿಹಾಕಬೇಡಿ.

ಎರಡನೇ ಅಧ್ಯಾಯದಲ್ಲಿ ಸುಂಕದ ಕಟ್ಟೆಯಲ್ಲಿ ಕೂತಿದ್ದ ಲೇವಿಯನ್ನು ಕರೆಯುತ್ತಾರೆ, ಅವನ ಮನೆಯಲ್ಲೇ ಊಟಕ್ಕೆ ಕೂರುತ್ತಾರೆ. ಇಲ್ಲಿ ಒಂದು ಕ್ಷಣ ನಿಲ್ಲಿ. ಅದೇ ದಂಡೆಯಲ್ಲಿ ಮೀನು ಹಿಡಿಯುತ್ತಿದ್ದವರಿಂದ ಸುಂಕದವರು ವಸೂಲಿ ಮಾಡುತ್ತಿದ್ದ ಕಾಲ ಅದು. ಈಗ ಕೊಡುವವನೂ ಕಿತ್ತುಕೊಳ್ಳುವವನೂ ಒಂದೇ ಪಂಕ್ತಿಯಲ್ಲಿ. ಪೇತ್ರನಿಗೆ ಆ ಊಟ ಗಂಟಲಲ್ಲಿ ಇಳಿದಿರುತ್ತಾ ಅಂತ ಕೇಳಿ ನೋಡಿ, ಕೂಟ ಗದ್ದಲವೇ ಆಗುತ್ತೆ. ಮೂರನೇ ಅಧ್ಯಾಯದ ಆರನೇ ವಚನಕ್ಕೆ ಬರುವಷ್ಟರಲ್ಲಿ ಧರ್ಮಶಾಸ್ತ್ರ ಬಿಗಿಯಾಗಿ ಪಾಲಿಸುವ ಫರಿಸಾಯರೂ ಹೆರೋದನ ಕಡೆಯವರೂ ಸೇರಿ ಯೇಸುವನ್ನು ಮುಗಿಸುವ ಮಾತಾಡುತ್ತಾರೆ. ಕೈ ಬತ್ತಿದವನೊಬ್ಬನ ಕೈ ಸರಿಯಾಯಿತು, ಅದಕ್ಕೆ ಕೊಲೆಯ ಯೋಚನೆ. ಶಿಲುಬೆಯ ನೆರಳು ಇಲ್ಲಿಂದಲೇ ಶುರು ಅಂತ ಗೊತ್ತಾದರೆ ಕೊನೆಯ ವಾರ ಓದುವುದು ಬೇರೆಯೇ ಆಗುತ್ತೆ.

ಐದನೇ ಅಧ್ಯಾಯಕ್ಕೆ ಎರಡು ವಾರ ಕೊಡಿ. ಯಾಯೀರನ 12 ವರ್ಷದ ಮಗಳು, 12 ವರ್ಷದಿಂದ ರಕ್ತಸ್ರಾವ ಇದ್ದ ಹೆಂಗಸು. ಸಭಾಮಂದಿರದ ಮುಖ್ಯಸ್ಥ ಅವಸರದಲ್ಲಿ ಕರೆದುಕೊಂಡು ಹೋಗುತ್ತಿರುವಾಗ ಯೇಸು ದಾರಿಯಲ್ಲಿ ನಿಂತು, ಯಾರು ಮುಟ್ಟಿದ್ದು ಅಂತ ಕೇಳುತ್ತಾ, ಇದ್ದ ಹಣವೆಲ್ಲ ವೈದ್ಯರಿಗೆ ಸುರಿದು ಬಂದ ಆ ಹೆಂಗಸಿನ ಮಾತು ಪೂರ್ತಿ ಕೇಳಿಸಿಕೊಂಡು, ಮಗಳೇ ಅಂತ ಕರೆದು ಆಮೇಲೆಯೇ ಮುಂದೆ ಹೋಗುತ್ತಾರೆ. ಹೆಂಗಸರು ಜಾಸ್ತಿ ಇರುವ ಕೂಟದಲ್ಲಿ ಇದನ್ನು ಹೆಂಗಸರೇ ನಡೆಸಲಿ.

ವಾಸಿಯಾದವರ ಕಥೆ ಓದುವಾಗ ಒಂದು ಎಚ್ಚರ. ಯಾರೋ ಒಬ್ಬರು ನಂಬಿಕೆ ಇದ್ದರೆ ಮಾತ್ರೆ ಯಾಕೆ ಅಂತ ಶುರು ಮಾಡುತ್ತಾರೆ. ಶುಗರ್ ಇರುವವರು, ಫಿಟ್ಸ್ ಇರುವವರು ಇದನ್ನು ಕೇಳಿ ಔಷಧಿ ಬಿಟ್ಟರೆ ಜೀವಕ್ಕೇ ಅಪಾಯ. ಅಲ್ಲೇ, ಆಗಲೇ, ಬೇಡ ಅಂತ ಸ್ಪಷ್ಟವಾಗಿ ಹೇಳಿ. ಕೋಲಾರದ ಇಟಿಸಿಎಂ ಆಸ್ಪತ್ರೆ, ಚಿಕ್ಕಬಳ್ಳಾಪುರದ ಸಿಎಸ್‌ಐ ಆಸ್ಪತ್ರೆ ಎರಡೂ ಮಿಷನರಿಗಳು ಕಟ್ಟಿದ್ದು, ಇದೇ ಸುವಾರ್ತೆ ಓದಿದವರು ಕಟ್ಟಿದ್ದು. ಪ್ರಾರ್ಥನೆಯೂ ಮಾಡೋಣ, ಮಾತ್ರೆಯೂ ನುಂಗೋಣ.

ಆರನೇ ಅಧ್ಯಾಯದಲ್ಲಿ ಎರಡು ಊಟ ಪಕ್ಕಪಕ್ಕ ಇವೆ, ಬಿಡಿಬಿಡಿಯಾಗಿ ಓದಿದರೆ ಕಾಣುವುದಿಲ್ಲ. ಮೊದಲನೆಯದು ಹೆರೋದನ ಹುಟ್ಟುಹಬ್ಬದ ಔತಣ. ದೊಡ್ಡ ಮನುಷ್ಯರೆಲ್ಲ ಸೇರಿದ್ದಾರೆ, ಕುಣಿತ ಇದೆ, ಕೊನೆಗೆ ತಟ್ಟೆಯಲ್ಲಿ ಬರುವುದು ಸ್ನಾನಿಕನಾದ ಯೋಹಾನನ ತಲೆ. ಎರಡನೆಯದು ಊರಾಚೆ, ಹಸಿರು ಹುಲ್ಲಿನ ಮೇಲೆ, ಐದು ರೊಟ್ಟಿ ಎರಡು ಮೀನು, 5000 ಗಂಡಸರು, ಮಿಕ್ಕಿದ್ದು 12 ಬುಟ್ಟಿ. ಇವತ್ತು ಎರಡೂ ಊಟಕ್ಕೆ ನಿಮಗೆ ಕಾರ್ಡ್ ಬಂದಿದ್ದರೆ ಎಲ್ಲಿಗೆ ಹೋಗುತ್ತಿದ್ದಿರಿ ಅಂತ ಕೇಳಿ. ಸುಳ್ಳು ಹೇಳದೆ ಉತ್ತರ ಕೊಡುವವರು ಒಬ್ಬರಾದರೂ ಇರುತ್ತಾರೆ, ಅವರಿಂದಲೇ ಚರ್ಚೆ ಶುರುವಾಗುತ್ತೆ.

ಸಾಮ್ಯಗಳಿಗೆ ಪುರುಸೊತ್ತು ಮಾಡಿಕೊಳ್ಳಿ

ಈ ಎಂಟರಲ್ಲಿ ನಾಲ್ಕನೇ ಅಧ್ಯಾಯವನ್ನು ನಾನು ಬೇಕಂತಲೇ ಕೊನೆಗೆ ಇಟ್ಟಿದ್ದೇನೆ. ಕೂಟದಲ್ಲಿ ಅದರ ಸರದಿ ಬಂದಾಗಲೇ ಓದಿ, ಆದರೆ ಒಂದು ತಿಂಗಳು ಬಿಡುವು ಇಟ್ಟುಕೊಳ್ಳಿ. ಬಿತ್ತುವವನ ಸಾಮ್ಯ ಓದಿದ ಕೂಡಲೇ ವಿವರಣೆ ಓದಬೇಡಿ, 9ನೇ ವಚನಕ್ಕೆ ನಿಲ್ಲಿಸಿ. ಹೊಲ ಮಾಡುವವರನ್ನು ಮಾತಾಡಲು ಬಿಡಿ. ಕಾಲುದಾರಿಯಲ್ಲಿ ಬಿದ್ದದ್ದು, ಬಂಡೆ ಮೇಲಿನ ತೆಳು ಮಣ್ಣಿನಲ್ಲಿ ಬಿದ್ದದ್ದು, ಮುಳ್ಳಿನ ಮಧ್ಯೆ ಬಿದ್ದದ್ದು. ಕೋಲಾರದ ಕೆಂಪು ನೆಲದಲ್ಲಿ ಈ ಮೂರೂ ಒಂದೇ ಎಕರೆಯಲ್ಲಿ ಸಿಗುತ್ತೆ ಅಂತ ಅವರೇ ಹೇಳುತ್ತಾರೆ. ಇಷ್ಟು ಬೀಜ ಯಾಕೆ ಹಾಳುಮಾಡುತ್ತಾನೆ ಅಂತಲೂ ಕೇಳುತ್ತಾರೆ. ಒಳ್ಳೆ ಪ್ರಶ್ನೆ. ಆ ಬಿತ್ತುವವನು ಜಾಗ ಆರಿಸದೆ ಎಲ್ಲ ಕಡೆ ಕೈಬಿಚ್ಚಿ ಎರಚುತ್ತಾನೆ, ಸುಂಕದವನ ಮನೆಗೂ ಫರಿಸಾಯನ ಮನೆಗೂ ಊಟಕ್ಕೆ ಹೋದ ಯೇಸುವಿನ ಹಾಗೆಯೇ.

ಮೂವತ್ತರಷ್ಟು, ಅರವತ್ತರಷ್ಟು, ನೂರರಷ್ಟು ಅನ್ನುವ ಲೆಕ್ಕಕ್ಕೆ ರಾಗಿ ಬೆಳೆಯುವವರು ಬೆರಗಾಗುವುದಿಲ್ಲ, ನಗುತ್ತಾರೆ. ರಾಗಿ ಒಂದು ಕಾಳಿಗೆ ಅದಕ್ಕಿಂತ ಎಷ್ಟೋ ಜಾಸ್ತಿ ಕೊಡುತ್ತೆ. ಅಲ್ಲಿ ಬಿತ್ತುತ್ತಿದ್ದುದು ಗೋಧಿ, ಬಾರ್ಲಿ ಅಂತ ಹೇಳಿ. ಆದಿಕಾಂಡದ 26ನೇ ಅಧ್ಯಾಯದಲ್ಲಿ ಇಸಾಕನಿಗೆ ನೂರರಷ್ಟು ಬೆಳೆ ಬಂದದ್ದನ್ನು ದೇವರ ಆಶೀರ್ವಾದ ಅಂತಲೇ ಬರೆದಿದೆ. ಹಾಗಾಗಿ ಆ ಕಾಲದ ರೈತನ ಕಿವಿಗೆ ಅದು ಕನಸಿನ ಬೆಳೆ.

26ರಿಂದ 29ನೇ ವಚನದವರೆಗಿನ ಪುಟ್ಟ ಸಾಮ್ಯ ಮಾರ್ಕನಲ್ಲಿ ಮಾತ್ರ ಇದೆ. ರೈತ ಬಿತ್ತಿ ಮಲಗುತ್ತಾನೆ, ಏಳುತ್ತಾನೆ, ಬೀಜ ಮೊಳೆತು ಬೆಳೆಯುತ್ತೆ, ಹೇಗೆ ಅಂತ ಅವನಿಗೇ ಗೊತ್ತಿಲ್ಲ. ಸಾವಿರ ಅಡಿ ಬೋರ್ ಕೊರೆಸಿ ಸಾಲ ಮಾಡಿಕೊಂಡವರು ಇದನ್ನು ಕೇಳಿ ಸುಮ್ಮನಾಗುತ್ತಾರೆ. ಎಲ್ಲ ನಮ್ಮ ಕೈಯಲ್ಲೇ ಇದೆ ಅಂತ ಓಡಾಡುವ ಸಭೆಯ ಹಿರಿಯರಿಗೂ ಇದು ತಟ್ಟಬೇಕು. ಸಾಸಿವೆಯದನ್ನು ಬೇಗ ಮುಗಿಸಬಹುದು. ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ ಸಾಸಿವೆ ಹಾಕುವವರಿಗೆ ಕಾಳು ಎಷ್ಟು ಸಣ್ಣದು ಅಂತ ಯಾರೂ ಹೇಳಿಕೊಡಬೇಕಿಲ್ಲ.

ಇಲ್ಲಿ ಮಾತ್ರ ಮಾರ್ಕನನ್ನು ಬಿಟ್ಟು ಎರಡು ವಾರ ಮತ್ತಾಯನ ಸುವಾರ್ತೆಗೆ ಹೋಗಿ. ಮತ್ತಾಯ ಪರಲೋಕ ರಾಜ್ಯ ಅನ್ನುತ್ತಾನೆ, ಮಾತು ಅದೇ ರಾಜ್ಯದ್ದು.

ಮೊದಲನೆಯದು 20ನೇ ಅಧ್ಯಾಯದ ದ್ರಾಕ್ಷಿತೋಟದ ಕೂಲಿಗಳು. ಚಿಕ್ಕಬಳ್ಳಾಪುರದ ಸುತ್ತ ದ್ರಾಕ್ಷಿ ಕೊಯ್ಲಿಗೆ ಹೋದವರು ಕೂಟದಲ್ಲಿದ್ದರೆ ನಿಮಗೆ ಕೆಲಸವೇ ಇಲ್ಲ. ಮಾಲೀಕ ಬೆಳಗಾಗುತ್ತಲೇ ಆಳು ಹಿಡಿಯಲು ಹೋಗುತ್ತಾನೆ, ಒಂದು ದಿನಾರಿ ಕೂಲಿ ಮಾತಾಡುತ್ತಾನೆ, ಅದು ಆಗಿನ ಒಂದು ದಿನದ ಕೂಲಿ. ಮತ್ತೆ ಒಂಬತ್ತಕ್ಕೆ, ಹನ್ನೆರಡಕ್ಕೆ, ಮೂರಕ್ಕೆ, ಕೊನೆಗೆ ಸಂಜೆ ಐದಕ್ಕೂ ಹೋಗುತ್ತಾನೆ. ಐದಕ್ಕೆ ಬಂದವರಿಗೂ ಪೂರ್ತಿ ಕೂಲಿ. ಬೆಳಿಗ್ಗೆಯಿಂದ ಬಿಸಿಲಲ್ಲಿ ದುಡಿದವರು ಗೊಣಗುತ್ತಾರೆ. ಇದು ಅನ್ಯಾಯ ಅಂತ ಕೂಟದಲ್ಲೂ ಹೇಳುತ್ತಾರೆ, ಹೇಳಲಿ ಬಿಡಿ. ಆಮೇಲೆ ಕೇಳಿ: ಐದು ಗಂಟೆಯವರೆಗೆ ಸರ್ಕಲ್‌ನಲ್ಲಿ ಯಾರು ಉಳಿದಿರುತ್ತಾರೆ? ಮುದುಕರು, ಕಾಲು ಸರಿಯಿಲ್ಲದವರು, ಮೇಸ್ತ್ರಿಗೆ ಬೇಡವಾದವರು. ಯಾರೂ ನಮ್ಮನ್ನು ಕರೆಯಲಿಲ್ಲ ಅಂತ ಅವರೇ ಸಾಮ್ಯದಲ್ಲಿ ಹೇಳುತ್ತಾರೆ. ಅವರ ಮನೆಯಲ್ಲೂ ರಾತ್ರಿ ಒಲೆ ಹಚ್ಚಬೇಕು. ಕೂಲಿಗೆ ಹೋಗುವವರು ಇದನ್ನು ಬೇಗ ಹಿಡಿಯುತ್ತಾರೆ, ಸಂಬಳದವರಿಗೆ ಸ್ವಲ್ಪ ತಡ.

ಎರಡನೆಯದು 18ನೇ ಅಧ್ಯಾಯದ ಸಾಲಗಾರ. ಇದಕ್ಕೆ ಮೊಬೈಲ್ ತೆಗೆದು ಲೆಕ್ಕ ಮಾಡಿ. ಅವನು ಅರಸನಿಗೆ ಕೊಡಬೇಕಾದ್ದು 10,000 ತಲಾಂತು. ಒಂದು ತಲಾಂತು ಸುಮಾರು 6000 ದಿನದ ಕೂಲಿ. ಅಂದರೆ 6 ಕೋಟಿ ದಿನದ ಕೂಲಿ. ನಿಮ್ಮೂರಿನ ಇವತ್ತಿನ ಕೂಲಿಯಿಂದ ಗುಣಿಸಿ, ಫೋನಿನ ಪರದೆಯಲ್ಲಿ ಸೊನ್ನೆ ಎಣಿಸಲು ಆಗಲ್ಲ. ಅದನ್ನೆಲ್ಲ ಮನ್ನಾ ಮಾಡಿಸಿಕೊಂಡು ಹೊರಗೆ ಬಂದವನು ಜೊತೆಯವನ ಕುತ್ತಿಗೆ ಹಿಡಿಯುತ್ತಾನೆ, 100 ದಿನದ ಕೂಲಿಗಾಗಿ. 100 ದಿನದ ಕೂಲಿ ಸಣ್ಣದಲ್ಲ, ಅದನ್ನೂ ಒಪ್ಪಿಕೊಳ್ಳಿ. ಸಂಘದ ಸಾಲ, ಫೈನಾನ್ಸಿನವರ ಕಂತು ಕಟ್ಟುವ ಮನೆಗಳಲ್ಲಿ ಸಾಲದ ಮಾತು ಬರೀ ಉಪಮೆ ಅಲ್ಲ. ಕೂಟದ ಒಳಗೇ ಒಬ್ಬರಿಗೊಬ್ಬರು ಕೊಡಬೇಕಾದವರು ಇರುತ್ತಾರೆ, ಆ ಸಂಜೆ ಯಾರ ಹೆಸರನ್ನೂ ಎತ್ತದೆ ಇರುವುದು ನಡೆಸುವವರ ಜವಾಬ್ದಾರಿ.

ಯೆರೂಸಲೇಮಿನ ದಾರಿ, ಕೊನೆಯ ವಾರ

ಎಂಟನೇ ಅಧ್ಯಾಯದ 27ರಿಂದ ಕಥೆ ತಿರುಗುತ್ತೆ. ನೀನೇ ಕ್ರಿಸ್ತ ಅಂತ ಪೇತ್ರ ಹೇಳಿದ ಕೂಡಲೇ ಯೇಸು ತಾನು ಸಾಯುವ ಮಾತು ತೆಗೆಯುತ್ತಾರೆ. ಹೀಗೆ ಮೂರು ಸಲ, 8:31, 9:31, 10:33. ಮೂರನ್ನೂ ಒಂದೇ ಸಂಜೆ ಸೇರಿಸಿ ಓದಿ, ಆಮೇಲೆ ಪ್ರತಿಸಲ ಶಿಷ್ಯರು ಏನು ಮಾಡಿದರು ಅಂತ ನೋಡಿ. ಮೊದಲ ಸಲ ಪೇತ್ರ ಗದರಿಸುತ್ತಾನೆ. ಎರಡನೇ ಸಲ ನಮ್ಮಲ್ಲಿ ಯಾರು ದೊಡ್ಡವರು ಅಂತ ದಾರಿಯಲ್ಲಿ ವಾದ. ಮೂರನೇ ಸಲ ಯಾಕೋಬ ಯೋಹಾನರು ಬಲಗಡೆ ಎಡಗಡೆ ಸೀಟು ಬುಕ್ ಮಾಡಲು ಬರುತ್ತಾರೆ. ಅನ್ಯಜನರ ಅಧಿಪತಿಗಳು ದೊರೆತನ ನಡೆಸುತ್ತಾರೆ, ನಿಮ್ಮಲ್ಲಿ ಹಾಗಿರಬಾರದು ಅನ್ನುವ ಮಾತು ಬರುವುದು ಆಗಲೇ. ಪಂಚಾಯ್ತಿ ಚುನಾವಣೆ ಹತ್ತಿರ ಇದ್ದರೆ, ಇಲ್ಲವೇ ಸಭೆಯ ಕಮಿಟಿ ಚುನಾವಣೆ ಇದ್ದರೆ, ಇದನ್ನು ಆ ವಾರಕ್ಕೇ ಬೀಳುವ ಹಾಗೆ ಹೊಂದಿಸಿ. ಎರಡನೆಯದರಲ್ಲೇ ಜಾಸ್ತಿ ಕಾವು.

11ರಿಂದ 15ರವರೆಗಿನ ಅಧ್ಯಾಯಗಳನ್ನು ಈಸ್ಟರಿಗೆ ಮುಂಚಿನ ಶ್ರಮಕಾಲಕ್ಕೆ ಬರುವ ಹಾಗೆ ಮಾಡಿದರೆ ಚೆನ್ನ, ಗುಡ್ ಫ್ರೈಡೇ ಹೊತ್ತಿಗೆ ಶಿಲುಬೆ ತಲುಪುತ್ತೀರಿ. ಈ ಭಾಗದಲ್ಲಿ ಹೆಚ್ಚು ವಿವರಿಸಲು ಹೋಗಬೇಡಿ, ಓದಿದರೆ ಸಾಕು. ಎರಡು ಕಡೆ ಮಾತ್ರ ನಿಲ್ಲಿಸಿ. ಮುಳ್ಳಿನ ಕಿರೀಟ, ಕೆನ್ನೀಲಿ ಬಟ್ಟೆ, 'ಯೆಹೂದ್ಯರ ಅರಸ' ಅಂತ ಬರೆದ ಹಲಗೆ. ಸಿಪಾಯಿಗಳು ಗೇಲಿ ಮಾಡಲು ಮಾಡಿದ್ದು, ಮಾರ್ಕ ಮಾತ್ರ ಅದನ್ನೇ ಪಟ್ಟಾಭಿಷೇಕದ ಹಾಗೆ ಸಾಲಾಗಿ ಬರೆಯುತ್ತಾನೆ. ಇನ್ನೊಂದು, ಶವ ಕೇಳಲು ಪಿಲಾತನ ಹತ್ತಿರ ಹೋದ ಅರಿಮಥಾಯದ ಯೋಸೇಫ. ದೇವರ ರಾಜ್ಯಕ್ಕೆ ಕಾಯುತ್ತಿದ್ದವನು ಅಂತ ಅವನನ್ನು ಪರಿಚಯಿಸಿದೆ, ನೀವು ಗೆರೆ ಎಳೆದ 14ರಲ್ಲಿ ಇದೇ ಕೊನೆಯದು.

ತಕರಾರುಗಳು

ಬಂದೇ ಬರುತ್ತವೆ. ರಾಜ್ಯ ಅಂದರೆ ಸತ್ತ ಮೇಲೆ ಹೋಗುವ ಪರಲೋಕ, ಭೂಮಿಯ ಮಾತೇಕೆ ಅಂತ ಒಬ್ಬರು ಕೇಳುತ್ತಾರೆ. ಸತ್ತ ಮೇಲಿನದನ್ನು ಯಾರೂ ಅಲ್ಲಗಳೆಯುತ್ತಿಲ್ಲ. ದಿನಾ ಹೇಳುವ ಕರ್ತನ ಪ್ರಾರ್ಥನೆಯನ್ನೇ ಎಲ್ಲರೂ ಒಟ್ಟಿಗೆ ಹೇಳಿ: ನಿನ್ನ ರಾಜ್ಯವು ಬರಲಿ, ನಿನ್ನ ಚಿತ್ತವು ಪರಲೋಕದಲ್ಲಿ ನೆರವೇರುವ ಪ್ರಕಾರ ಭೂಲೋಕದಲ್ಲಿಯೂ ನೆರವೇರಲಿ. ವಾದ ಮಾಡುವುದಕ್ಕಿಂತ ಇದು ಬೇಗ ಮುಗಿಯುತ್ತೆ. 13ನೇ ಅಧ್ಯಾಯ ಬಂದಾಗ ಕಡೇ ದಿನಗಳ ಲೆಕ್ಕ, ಯಾವ ದೇಶ ಯಾವ ಮೃಗ ಅನ್ನುವ ವಾಟ್ಸಾಪ್ ವಿಡಿಯೋಗಳು ಹೊರಬರುತ್ತವೆ. ಆ ದಿನ, ಆ ಗಳಿಗೆ ತನಗೂ ಗೊತ್ತಿಲ್ಲ ಅಂತ ಯೇಸುವೇ ಹೇಳಿದ್ದು 32ನೇ ವಚನದಲ್ಲಿದೆ, ಅದನ್ನು ಓದಿಸಿ ಮುಂದೆ ಹೋಗಿ.

ಪಕ್ಕದ ಮನೆಯ ಹಿಂದೂ ಅಕ್ಕಂದಿರು, ಮುಸ್ಲಿಂ ಸ್ನೇಹಿತರು ಕಥೆ ಕೇಳಲು ಬಂದು ಕೂತರೆ ಸಂತೋಷ, ಟೀ ಕೊಡಿ. ಅವರನ್ನು ಸಾಕ್ಷಿ ಹೇಳಿ, ಪ್ರಾರ್ಥನೆ ಮಾಡಿ ಅಂತ ಒತ್ತಾಯಿಸಬೇಡಿ, ಅವರ ದೇವರ ಬಗ್ಗೆ ಹಗುರವಾಗಿ ಮಾತಾಡುವವರನ್ನು ಅಲ್ಲೇ ತಡೆಯಿರಿ. ಕೂಟದಲ್ಲಿ ಕಾಣಿಕೆ ತಟ್ಟೆ ಇಡಬೇಡಿ. ಕಷ್ಟದಲ್ಲಿರುವವರಿಗೆ ಕೊಡಬೇಕಾದರೆ ಕೈಯಿಂದ ಕೈಗೆ ಕೊಡಿ.

16ನೇ ಅಧ್ಯಾಯದಲ್ಲಿ ಒಂದು ತೊಡಕಿದೆ. ತೀರಾ ಹಳೆಯ ಕೈಬರಹದ ಪ್ರತಿಗಳಲ್ಲಿ ಮಾರ್ಕ 8ನೇ ವಚನಕ್ಕೇ ನಿಂತುಬಿಡುತ್ತೆ: ಹೆಂಗಸರು ಖಾಲಿ ಸಮಾಧಿ ನೋಡಿ, ನಡುಗುತ್ತಾ ಓಡಿಹೋಗಿ, ಯಾರಿಗೂ ಏನೂ ಹೇಳಲಿಲ್ಲ. ಮುಂದಿನ 9ರಿಂದ 20 ಆ ಪ್ರತಿಗಳಲ್ಲಿ ಇಲ್ಲ. ನಿಮ್ಮ ಪುಸ್ತಕದಲ್ಲಿ ಅಡಿಟಿಪ್ಪಣಿ ಇದ್ದರೆ ಹುಡುಗರು ಕೇಳೇ ಕೇಳುತ್ತಾರೆ, ಮುಚ್ಚಿಡದೆ ಹೇಳಿ. ನನ್ನ ಅಭಿಪ್ರಾಯ, ಆ ಸಂಜೆ 8ಕ್ಕೇ ನಿಲ್ಲಿಸಿ, ಹಾಗಾದರೆ ಸುದ್ದಿ ನಮ್ಮವರೆಗೆ ಹೇಗೆ ಬಂತು ಅಂತ ಕೇಳಿ, ಉಳಿದದ್ದನ್ನು ಮುಂದಿನ ವಾರ ಓದಿ. ಸಮಾಧಿಯೊಳಗಿದ್ದ ಯುವಕ, ಆತ ನಿಮಗಿಂತ ಮುಂಚೆ ಗಲಿಲಾಯಕ್ಕೆ ಹೋಗುತ್ತಾನೆ, ಅಲ್ಲಿ ಆತನನ್ನು ಕಾಣುವಿರಿ ಅಂದಿದ್ದನ್ನು ಹಿಡಿದು, ಕೂಟ ಮತ್ತೆ ಮೊದಲ ಅಧ್ಯಾಯಕ್ಕೇ ಹೋಗೋಣ ಅಂದರೆ ಬೇಡ ಅನ್ನಬೇಡಿ. ಬೇರೆ ಬೇಕು ಅಂದರೆ ಲೂಕ ತೆಗೆದುಕೊಳ್ಳಿ. ಅದು 24 ಅಧ್ಯಾಯ, ವರ್ಷವೇ ಹಿಡಿಯುತ್ತೆ, ಹಾಗಾಗಿ ರಾಗಿ ಕೊಯ್ಲು, ಕಣ ಎಲ್ಲ ಮುಗಿದ ಮೇಲೆ ಶುರು ಮಾಡಿ.